ಎರಡು ಕಡತ, ಒಂದೇ ದೇಹ: ಅಮೆರಿಕದ ಸೇನಾ ಪೈಲಟ್‌ಗಳ ವೈಕಲ್ಯ ಪರಿಹಾರ ಮತ್ತು ವಿಮಾನಯಾನ ವೃತ್ತಿ

1. ವಿಷಯದ ಸ್ವರೂಪ

ಅಮೆರಿಕದಲ್ಲಿ ಸೇನೆಯ ಸೇವೆ ಮುಗಿಸಿ ನಾಗರಿಕ ವಿಮಾನಯಾನಕ್ಕೆ ಹೊರಳುವ ಪೈಲಟ್‌ಗಳು ತಮ್ಮ ಆರೋಗ್ಯದ ವಿವರವನ್ನು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಸರ್ಕಾರದ ಎರಡು ಕಚೇರಿಗಳ ಮುಂದೆ ಇಡಬೇಕಾಗುತ್ತದೆ. ಒಂದು, ಮಾಜಿ ಸೈನಿಕರ ವ್ಯವಹಾರಗಳ ಇಲಾಖೆ. ರೂಢಿಯ ಕಿರುಹೆಸರು ವಿಎ. ಸೇವೆಯಿಂದ ದೇಹಕ್ಕೋ ಮನಸ್ಸಿಗೋ ಆದ ಹಾನಿಯನ್ನು ಅಳೆದು ತಿಂಗಳ ಪರಿಹಾರ ಕೊಡುವುದು ಅದರ ಕೆಲಸ. ಇನ್ನೊಂದು, ಫೆಡರಲ್ ವಿಮಾನಯಾನ ಆಡಳಿತ, ಅಂದರೆ ಎಫ್‌ಎಎ. ಪೈಲಟ್‌ನ ಆರೋಗ್ಯ ವಿಮಾನ ಹಾರಿಸಲು ತಕ್ಕಮಟ್ಟಿಗಿದೆಯೇ ಎಂದು ಪರೀಕ್ಷಿಸಿ ವೈದ್ಯಕೀಯ ಪ್ರಮಾಣಪತ್ರ ಕೊಡುವುದು ಅದರ ಹೊಣೆ. ಮೊದಲ ಕಚೇರಿಯಲ್ಲಿ ತೊಂದರೆಯನ್ನು ಹೇಳಿಕೊಂಡಷ್ಟೂ ಪರಿಹಾರ ಸಿಗುವ ಸಂಭವ ಹೆಚ್ಚು. ಎರಡನೆಯ ಕಚೇರಿಯಲ್ಲಿ ಹೇಳಿಕೊಂಡ ಪ್ರತಿಯೊಂದು ತೊಂದರೆಯೂ ಹೊಸ ವಿಚಾರಣೆಗೆ ದಾರಿ ಮಾಡಬಹುದು.

ಈ ಎರಡು ಒತ್ತಡಗಳ ನಡುವೆ ಸಾವಿರಾರು ವೃತ್ತಿಜೀವನಗಳು ಸಿಕ್ಕಿಕೊಂಡಿವೆ. ಒಂದು ಕಡತದಲ್ಲಿ ರೋಗ ದಾಖಲಾಗಿ ಇನ್ನೊಂದರಲ್ಲಿ ಅದರ ಸುಳಿವೇ ಇಲ್ಲದಿದ್ದಾಗ ತನಿಖೆ, ಪರವಾನಗಿಯ ರದ್ದತಿ, ಕೆಲವೊಮ್ಮೆ ಕ್ರಿಮಿನಲ್ ಮೊಕದ್ದಮೆಯವರೆಗೂ ಹೋಗುವುದುಂಟು. ಸಭಿಕರೇ, ಈ ಉಪನ್ಯಾಸ ಮಂಡಿಸುವ ವಾದ ಸರಳವಾದುದು. ಪರಿಹಾರ ಕೇಳುವುದು ತಪ್ಪಲ್ಲ, ಪರಿಹಾರ ಪಡೆದವರು ವಿಮಾನ ಹಾರಿಸುವುದೂ ತಪ್ಪಲ್ಲ. ವೃತ್ತಿಯನ್ನು ಕೆಡಿಸುವುದು ಬಹುಪಾಲು ರೋಗವಲ್ಲ, ಎರಡು ಕಡತಗಳ ನಡುವಿನ ಅಂತರ. ಆ ಅಂತರವನ್ನು ಹುಟ್ಟುಹಾಕುವುದರಲ್ಲಿ ವ್ಯಕ್ತಿಯ ಪಾಲಿರುವಂತೆ ವ್ಯವಸ್ಥೆಯ ಪಾಲೂ ಇದೆ.

2. ಪರಿಹಾರದ ತತ್ತ್ವ ಮತ್ತು ಲೆಕ್ಕಾಚಾರ

ಸೇವೆಯಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡುವ ಅಮೆರಿಕದ ಇಂದಿನ ಪದ್ಧತಿಯ ಬೇರು ಮೊದಲ ಮಹಾಯುದ್ಧದ ಕಾಲದ್ದು. 1917ರ ಯುದ್ಧ ವಿಮಾ ಕಾಯಿದೆಯ ತಿದ್ದುಪಡಿಯಲ್ಲಿ ಅದಕ್ಕೆ ರೂಪ ಬಂತು. ರೋಗ ಮತ್ತು ಗಾಯಗಳಿಗೆ ಶೇಕಡಾವಾರು ಅಂಕ ಕೊಡುವ ಈಗಿನ ಪಟ್ಟಿಯ ಮೂಲ ಚೌಕಟ್ಟು 1945ರದು. ಅದು ಆಗಾಗ ಪರಿಷ್ಕರಣೆಗೊಳ್ಳುತ್ತ ಬಂದಿದೆ. ಪರಿಹಾರ ಸಿಗಬೇಕಾದರೆ ಮೂರು ಅಂಶಗಳು ಬೇಕು: ಸದ್ಯ ಇರುವ ತೊಂದರೆ, ಸೇವಾವಧಿಯಲ್ಲಿ ನಡೆದ ಘಟನೆ ಅಥವಾ ಕಾಣಿಸಿಕೊಂಡ ಕಾಯಿಲೆ, ಇವೆರಡನ್ನೂ ಬೆಸೆಯುವ ವೈದ್ಯಕೀಯ ಆಧಾರ. ಪುರಾವೆ ಎರಡೂ ಕಡೆಗೆ ಸಮತೂಕವಾಗಿದ್ದರೆ ತೀರ್ಮಾನ ಮಾಜಿ ಸೈನಿಕರ ಪರವಾಗಿಯೇ ಆಗಬೇಕೆಂದು ಕಾನೂನು ಹೇಳುತ್ತದೆ. ದೇಶಕ್ಕಾಗಿ ದುಡಿದವರ ಬಗ್ಗೆ ಉದಾರವಾಗಿರಬೇಕೆಂಬ ನೈತಿಕ ನಿಲುವು ಇಲ್ಲಿ ಸ್ಪಷ್ಟವಾಗಿದೆ.

ಅಂಕ ಸೊನ್ನೆಯಿಂದ ನೂರರವರೆಗೆ, ಹತ್ತು ಹತ್ತರ ಮೆಟ್ಟಿಲುಗಳಲ್ಲಿ ಏರುತ್ತದೆ. ಹಲವು ತೊಂದರೆಗಳಿದ್ದಾಗ ಅಂಕಗಳನ್ನು ಸುಮ್ಮನೆ ಕೂಡುವುದಿಲ್ಲ. ಮೊದಲ ತೊಂದರೆಗೆ ಶೇ. 50 ಸಿಕ್ಕರೆ ಆ ವ್ಯಕ್ತಿಯ ಸಾಮರ್ಥ್ಯದಲ್ಲಿ ಅರ್ಧ ಉಳಿದಿದೆ ಎಂದು ಲೆಕ್ಕ. ಎರಡನೆಯ ತೊಂದರೆಯ ಶೇ. 30ನ್ನು ಉಳಿದ ಅರ್ಧಕ್ಕೆ ಮಾತ್ರ ಅನ್ವಯಿಸಿದಾಗ ಮೊತ್ತ 65 ಆಗುತ್ತದೆ, ಅದನ್ನು 70ಕ್ಕೆ ಏರಿಸಲಾಗುತ್ತದೆ. 2025ರ ದರದಂತೆ ಅವಲಂಬಿತರಿಲ್ಲದ ಮಾಜಿ ಸೈನಿಕರಿಗೆ ಶೇ. 10ಕ್ಕೆ ತಿಂಗಳಿಗೆ ಸುಮಾರು 175 ಡಾಲರ್, ಶೇ. 100ಕ್ಕೆ 3,800 ಡಾಲರಿಗಿಂತ ಹೆಚ್ಚು ಸಿಗುತ್ತಿತ್ತು. ಈ ಹಣಕ್ಕೆ ಆದಾಯ ತೆರಿಗೆಯಿಲ್ಲ.

ಈ ಅಂಕ ಏನನ್ನು ಅಳೆಯುತ್ತದೆ ಎಂಬುದು ಮುಖ್ಯ. ಕಾನೂನಿನ ಪ್ರಕಾರ ಅದು ದುಡಿಮೆಯ ಸಾಮರ್ಥ್ಯದಲ್ಲಿ ಸರಾಸರಿಯಾಗಿ ಆಗುವ ಕುಂದು. ನಿರ್ದಿಷ್ಟ ವ್ಯಕ್ತಿ ನಿರ್ದಿಷ್ಟ ಕೆಲಸ ಮಾಡಬಲ್ಲರೇ ಎಂಬುದನ್ನು ಅದು ಕೇಳುವುದೇ ಇಲ್ಲ. ಹಾಗಾಗಿ ಹಲವು ತೊಂದರೆಗಳು ಸೇರಿ ಶೇ. 100 ತಲುಪಿದವರೂ ಪೂರ್ಣಾವಧಿ ಕೆಲಸದಲ್ಲಿರಬಹುದು. ಕಾನೂನು ಅದನ್ನು ತಡೆಯುವುದಿಲ್ಲ. ಇದಕ್ಕೆ ಒಂದು ಅಪವಾದವಿದೆ. ಸೇವಾ ಸಂಬಂಧಿ ತೊಂದರೆಯಿಂದಾಗಿ ಬದುಕಿಗೆ ಸಾಕಾಗುವಷ್ಟು ದುಡಿಯುವುದೇ ಸಾಧ್ಯವಿಲ್ಲ ಎಂಬ ಆಧಾರದ ಮೇಲೆ ನೂರರ ದರದಲ್ಲಿ ಪರಿಹಾರ ಪಡೆಯುವ ವರ್ಗವೊಂದಿದೆ. ಆ ಆಧಾರದ ಮೇಲೆ ಹಣ ಪಡೆಯುತ್ತಲೇ ವಿಮಾನಯಾನ ಸಂಸ್ಥೆಯಲ್ಲಿ ಸಂಬಳದ ಕೆಲಸ ಮಾಡುವುದು ಪರಸ್ಪರ ವಿರುದ್ಧವಾದ ಎರಡು ಹೇಳಿಕೆಗಳಾಗುತ್ತವೆ.

3. ವೈದ್ಯಕೀಯ ಪ್ರಮಾಣಪತ್ರದ ತತ್ತ್ವ

ಎಫ್‌ಎಎ ಕೇಳುವ ಪ್ರಶ್ನೆ ಬೇರೆ ದಿಕ್ಕಿನದು. ಪ್ರಮಾಣಪತ್ರದ ಅವಧಿಯಲ್ಲಿ ಈ ಪೈಲಟ್ ಹಾರಾಟದ ನಡುವೆ ಹಠಾತ್ತನೆ ಅಶಕ್ತರಾಗುವ ಅಥವಾ ಕರ್ತವ್ಯವನ್ನು ಸುರಕ್ಷಿತವಾಗಿ ನಿರ್ವಹಿಸಲಾಗದ ಸಂಭವ ಎಷ್ಟು? ಹಿಂದೆ ಆದ ಹಾನಿಗೆ ನ್ಯಾಯ ಒದಗಿಸುವುದು ವಿಎಯ ಗುರಿಯಾದರೆ, ಮುಂದೆ ಆಗಬಹುದಾದ ಅಪಾಯವನ್ನು ಅಂದಾಜು ಮಾಡುವುದು ಎಫ್‌ಎಎಯ ಗುರಿ. ವಿಮಾನದ ಹಿಂಬದಿಯಲ್ಲಿ ಕುಳಿತ ಪ್ರಯಾಣಿಕರಿಗೆ ಪೈಲಟ್‌ನ ಆರೋಗ್ಯ ತಿಳಿಯುವ ದಾರಿ ಬೇರೆ ಇಲ್ಲ. ಅವರ ಪರವಾಗಿ ಈ ಪ್ರಶ್ನೆಯನ್ನು ಕೇಳುವುದು ಸರ್ಕಾರ.

ವಿಮಾನಯಾನ ಸಂಸ್ಥೆಯ ಕ್ಯಾಪ್ಟನ್ ಆಗಲು ಮೊದಲ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಬೇಕು. ನಲವತ್ತರೊಳಗಿನವರಿಗೆ ಅದು ಹನ್ನೆರಡು ತಿಂಗಳು, ನಲವತ್ತು ದಾಟಿದವರಿಗೆ ಆರು ತಿಂಗಳು ಮಾತ್ರ ನಡೆಯುತ್ತದೆ. ಎಫ್‌ಎಎ ನೇಮಿಸಿದ ವೈದ್ಯ ಪರೀಕ್ಷಕರು ತಪಾಸಣೆ ಮಾಡುತ್ತಾರೆ. ಅದಕ್ಕೂ ಮೊದಲು ಅಭ್ಯರ್ಥಿ ಆನ್‌ಲೈನ್ ಅರ್ಜಿ ತುಂಬಬೇಕು. ಆ ಅರ್ಜಿಯಲ್ಲಿ ಸೇವಿಸುತ್ತಿರುವ ಔಷಧಿಗಳ ಬಗ್ಗೆ, ಹಿಂದಿನ ಮೂರು ವರ್ಷಗಳಲ್ಲಿ ಕಂಡ ವೈದ್ಯರ ಬಗ್ಗೆ ಪ್ರಶ್ನೆಗಳಿವೆ. ಎಲ್ಲಕ್ಕಿಂತ ವ್ಯಾಪಕವಾದದ್ದು ಹದಿನೆಂಟನೆಯ ಪ್ರಶ್ನೆ. ಪಟ್ಟಿಮಾಡಿದ ತೊಂದರೆಗಳಲ್ಲಿ ಯಾವುದಾದರೂ ಜೀವಮಾನದಲ್ಲಿ ಎಂದಾದರೂ ಪತ್ತೆಯಾಗಿತ್ತೇ, ಇತ್ತೇ, ಈಗ ಇದೆಯೇ ಎಂದು ಅದು ಕೇಳುತ್ತದೆ. ಅದೇ ಪ್ರಶ್ನೆಯ ಕೊನೆಯ ಭಾಗದಲ್ಲಿ ವೈದ್ಯಕೀಯ ಕಾರಣದ ವೈಕಲ್ಯ ಪರಿಹಾರದ ವಿಚಾರವೂ ಬರುತ್ತದೆ. ಪರಿಹಾರ ಎಲ್ಲಿಂದ ಬಂದರೂ, ಎಷ್ಟೇ ಇದ್ದರೂ ತಿಳಿಸಬೇಕೆಂದು ಪರೀಕ್ಷಕರ ಕೈಪಿಡಿ ಹೇಳುತ್ತದೆ. ಸಾಮಾಜಿಕ ಭದ್ರತಾ ಆಡಳಿತ, ವಿಎಯಂಥ ಸಂಸ್ಥೆಗಳೊಂದಿಗೆ ಈ ಮಾಹಿತಿಯನ್ನು ಹೋಲಿಸಿ ನೋಡಬಹುದು ಎಂಬುದನ್ನೂ ಅದೇ ಕೈಪಿಡಿ ಮುಚ್ಚುಮರೆಯಿಲ್ಲದೆ ತಿಳಿಸುತ್ತದೆ.

ನಿಯಮಗಳ ಪ್ರಕಾರ ನೇರವಾಗಿ ಅನರ್ಹಗೊಳಿಸುವ ಸ್ಥಿತಿಗಳು ಹದಿನೈದು. ಮೂರ್ಛೆರೋಗ, ಹೃದಯಾಘಾತ, ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಔಷಧಿ ಬೇಕಾಗುವ ಮಧುಮೇಹ, ಬೈಪೋಲಾರ್ ಕಾಯಿಲೆ, ಮಾದಕವಸ್ತುಗಳ ಅವಲಂಬನೆ ಇವುಗಳಲ್ಲಿ ಸೇರಿವೆ. ಆದರೆ ಅನರ್ಹತೆಯೇ ಕೊನೆಯ ಮಾತಲ್ಲ. ರೋಗ ಹತೋಟಿಯಲ್ಲಿದೆ, ಅಪಾಯ ಕಡಿಮೆಯಿದೆ ಎಂದು ದಾಖಲೆಗಳಿಂದ ತೋರಿಸಿದವರಿಗೆ ಷರತ್ತು ಹಾಕಿ ವಿಶೇಷ ಅನುಮತಿಯ ಮೇಲೆ ಪ್ರಮಾಣಪತ್ರ ಕೊಡುವ ಅಧಿಕಾರ ಫೆಡರಲ್ ವಾಯುವೈದ್ಯಾಧಿಕಾರಿಗೆ ಇದೆ. ಆರೋಗ್ಯ ತೊಂದರೆ ಹೇಳಿಕೊಂಡ ಅಭ್ಯರ್ಥಿಗಳಲ್ಲಿ ಕೊನೆಗೂ ತಿರಸ್ಕೃತರಾಗುವವರು ಸುಮಾರು ಶೇ. 0.1 ಮಾತ್ರ ಎಂದು ಎಫ್‌ಎಎ ತಾನೇ ಹೇಳಿಕೊಂಡಿದೆ. ನಿಯಮದ ಕಟ್ಟುನಿಟ್ಟಿಗಿಂತ ಅದರ ಬಗೆಗಿನ ಭಯ ದೊಡ್ಡದು ಎಂಬುದಕ್ಕೆ ಈ ಅಂಕಿ ಸಾಕ್ಷಿ.

4. ಒಂದೇ ತೊಂದರೆ, ಎರಡು ತೂಕ

ಎರಡು ಅಳತೆಗಳು ಎಲ್ಲಿ ಹೊಂದುತ್ತವೆ, ಎಲ್ಲಿ ಹೊಂದುವುದಿಲ್ಲ ಎಂಬುದು ಬಿಡಿ ಉದಾಹರಣೆಗಳಲ್ಲಿ ಸ್ಪಷ್ಟವಾಗುತ್ತದೆ. ಎಂಜಿನ್ನುಗಳ ಗದ್ದಲದ ನಡುವೆ ವರ್ಷಗಟ್ಟಲೆ ದುಡಿದವರ ಕಿವಿಯಲ್ಲಿ ಸದಾ ಗುಂಯ್ ಎನ್ನುವ ಸದ್ದು ಉಳಿದುಬಿಡುತ್ತದೆ. ವಿಎ ಪರಿಹಾರ ಪಡೆಯುವವರಲ್ಲಿ ಅತ್ಯಂತ ಸಾಮಾನ್ಯವಾದ ತೊಂದರೆ ಇದು, ಇದಕ್ಕೆ ಶೇ. 10 ಸಿಗುತ್ತದೆ. ಎಫ್‌ಎಎ ನೋಡುವುದು ಮಾತು ಕೇಳಿಸುತ್ತದೆಯೇ ಎಂಬುದನ್ನು: ನಿಶ್ಶಬ್ದವಾದ ಕೋಣೆಯಲ್ಲಿ ಬೆನ್ನು ತಿರುಗಿಸಿ ನಿಂತು ಆರು ಅಡಿ ದೂರದ ಸಾಮಾನ್ಯ ಮಾತನ್ನು ಗ್ರಹಿಸಿದರೆ ಶ್ರವಣದ ಮಾನದಂಡ ಪೂರೈಸಿದಂತೆ. ಬೆನ್ನುನೋವು, ಮಂಡಿನೋವುಗಳ ಕತೆಯೂ ಹೀಗೆಯೇ. ಕೈಕಾಲು ನಿಯಂತ್ರಣಗಳ ಮೇಲೆ ಸಲೀಸಾಗಿ ಆಡುತ್ತಿದ್ದು, ಮಂಪರು ತರುವ ನೋವುನಿವಾರಕಗಳ ಮೇಲೆ ಅವಲಂಬನೆ ಇಲ್ಲದಿದ್ದರೆ, ಪರಿಹಾರ ಪಡೆದ ಬೆನ್ನು ಕಾಕ್‌ಪಿಟ್‌ಗೆ ಅಡ್ಡಿಯಾಗಬೇಕಿಲ್ಲ.

ನಿದ್ರೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇದಕ್ಕಿಂತ ಗಂಭೀರ. ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಯಂತ್ರ ಬೇಕಾದವರಿಗೆ ವಿಎ ಪಟ್ಟಿ ಶೇ. 50 ಕೊಡುತ್ತ ಬಂದಿದೆ. ಚಿಕಿತ್ಸೆಯಿಲ್ಲದ ಸ್ಲೀಪ್ ಆಪ್ನಿಯಾ ಹಗಲಿನ ತೂಕಡಿಕೆಗೆ ಕಾರಣವಾಗುವುದರಿಂದ ಎಫ್‌ಎಎ ಅದನ್ನು ಹಗುರವಾಗಿ ಕಾಣುವುದಿಲ್ಲ. 2015ರಲ್ಲಿ ಅದಕ್ಕೆಂದೇ ಮಾರ್ಗಸೂಚಿ ತಂದಿತು. ಹಾಗಿದ್ದೂ ಇದು ವೃತ್ತಿಯ ಅಂತ್ಯವಲ್ಲ. ಮಲಗುವ ಹೊತ್ತಿನ ಕನಿಷ್ಠ ಮುಕ್ಕಾಲು ಪಾಲು ಸಂದರ್ಭಗಳಲ್ಲಿ, ಸರಾಸರಿ ಆರು ಗಂಟೆಗಿಂತ ಕಡಿಮೆಯಾಗದಂತೆ ಯಂತ್ರ ಬಳಸಿದ ದಾಖಲೆ ಒದಗಿಸಿದವರಿಗೆ ವಿಶೇಷ ಅನುಮತಿ ಸಿಗುತ್ತದೆ. ಇಲ್ಲಿ ಒಂದು ವಿಚಾರ ಗಮನಾರ್ಹ: ಚಿಕಿತ್ಸೆಯಲ್ಲಿರುವುದೇ ವಿಎಯಲ್ಲಿ ಹೆಚ್ಚಿನ ಅಂಕಕ್ಕೂ, ಎಫ್‌ಎಎಯಲ್ಲಿ ಹಾರಾಟದ ಅನುಮತಿಗೂ ಆಧಾರ. ಸತ್ಯ ಹೇಳಿದ ಪೈಲಟ್‌ಗೆ ಎರಡೂ ಕಡೆ ದಾರಿ ತೆರೆದಿದೆ.

ಅರೆತಲೆನೋವಿನಲ್ಲಿ ಸಂಘರ್ಷ ನೇರವಾಗುತ್ತದೆ. ಮೇಲೇಳಲಾಗದಂತೆ ಕೆಡವುವ ದೀರ್ಘ ನೋವು ಪದೇ ಪದೇ ಬಂದು ದುಡಿಮೆಗೆ ತೀವ್ರ ಅಡ್ಡಿಯಾಗುತ್ತಿದ್ದರೆ ಮಾತ್ರ ವಿಎ ಅದಕ್ಕೆ ಗರಿಷ್ಠ ಶೇ. 50 ಕೊಡುತ್ತದೆ. ಅಂಥ ವಿವರಣೆಗೆ ಸಹಿ ಹಾಕಿದ ವ್ಯಕ್ತಿ ಅದೇ ವರ್ಷ ಎಫ್‌ಎಎ ಅರ್ಜಿಯಲ್ಲಿ ಪದೇ ಪದೇ ಬರುವ ಅಥವಾ ತೀವ್ರ ತಲೆನೋವಿನ ಮುಂದೆ ‘ಇಲ್ಲ’ ಎಂದು ಬರೆದರೆ ಎರಡರಲ್ಲಿ ಒಂದು ಸುಳ್ಳು. ಒಂದೋ ಬೊಕ್ಕಸಕ್ಕೆ ಮೋಸ, ಇಲ್ಲವೇ ಪ್ರಯಾಣಿಕರಿಗೆ ಅಪಾಯ.

ಮಾನಸಿಕ ಆರೋಗ್ಯದ ಕ್ಷೇತ್ರ ಎಲ್ಲಕ್ಕಿಂತ ಸೂಕ್ಷ್ಮ. ಯುದ್ಧದ ಅನುಭವದಿಂದ ಉಳಿಯುವ ಆಘಾತೋತ್ತರ ಒತ್ತಡ, ಖಿನ್ನತೆ, ಆತಂಕಗಳಿಗೆ ವಿಎ ಸೊನ್ನೆಯಿಂದ ನೂರರವರೆಗೆ ಅಂಕ ಕೊಡುತ್ತದೆ. ಶೇ. 70ರ ವಿವರಣೆಯಲ್ಲಿ ಕೆಲಸ, ಕುಟುಂಬ, ತೀರ್ಮಾನಶಕ್ತಿಗಳಂಥ ಬದುಕಿನ ಬಹುತೇಕ ಕ್ಷೇತ್ರಗಳಲ್ಲಿ ಕೊರತೆ ಇದೆ ಎಂಬ ಅರ್ಥ ಅಡಗಿದೆ. ಇಂಥ ದಾಖಲೆ ಎದುರಿಗಿದ್ದಾಗ ಎಫ್‌ಎಎ ವಿವರವಾದ ಮನೋವೈದ್ಯಕೀಯ ವರದಿ ಕೇಳುವುದು ಸಹಜ. ನೀತಿಯೂ ನಿಧಾನವಾಗಿ ಸಡಿಲಗೊಂಡಿದೆ. 2010ರವರೆಗೆ ಖಿನ್ನತೆಯ ಔಷಧಿ ಸೇವಿಸುವವರಿಗೆ ಹಾರಾಟವೇ ನಿಷಿದ್ಧವಾಗಿತ್ತು. ಆ ವರ್ಷ ನಾಲ್ಕು ಔಷಧಿಗಳಿಗೆ ಷರತ್ತಿನ ಮೇಲೆ ಅವಕಾಶ ಸಿಕ್ಕಿತು. ಬಳಿಕ ಆ ಪಟ್ಟಿ ಬೆಳೆದಿದೆ.

5. ಅಂತರ ಹುಟ್ಟುವ ಬಗೆ

ಸೇನೆಯಲ್ಲಿ ಪೈಲಟ್‌ಗೆ ಹಾರಾಟವೇ ಹೆಮ್ಮೆ, ಬಡ್ತಿ, ವಿಶೇಷ ಭತ್ಯೆಗಳ ಮೂಲ. ಸೇನಾ ವೈದ್ಯರ ಬಳಿ ಹೋಗಿ ತೊಂದರೆ ಹೇಳಿಕೊಂಡರೆ ತಾತ್ಕಾಲಿಕವಾಗಿಯಾದರೂ ನೆಲದಲ್ಲಿ ಕೂರಬೇಕಾದೀತು ಎಂಬ ಅಂಜಿಕೆ ಅವರಲ್ಲಿ ಆಳವಾಗಿದೆ. ಪರಿಣಾಮವಾಗಿ ನೋವನ್ನು ನುಂಗಿಕೊಳ್ಳುವುದು, ಖಾಸಗಿ ವೈದ್ಯರನ್ನು ಗುಟ್ಟಾಗಿ ಕಾಣುವುದು, ನಿದ್ರಾಹೀನತೆಯನ್ನು ಮಾಮೂಲೆಂದು ತಳ್ಳಿಹಾಕುವುದು ಅಭ್ಯಾಸವಾಗುತ್ತದೆ. ನಾಗರಿಕ ಪೈಲಟ್‌ಗಳೂ ಇದಕ್ಕೆ ಹೊರತಲ್ಲ. ಅಮೆರಿಕದ ಪೈಲಟ್‌ಗಳನ್ನು ಕುರಿತು 2022ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪ್ರಮಾಣಪತ್ರ ಕಳೆದುಕೊಳ್ಳುವ ಭಯದಿಂದ ಒಂದಲ್ಲ ಒಂದು ರೀತಿಯಲ್ಲಿ ವೈದ್ಯಕೀಯ ನೆರವಿನಿಂದ ದೂರ ಉಳಿದದ್ದಾಗಿ ಒಪ್ಪಿಕೊಂಡಿದ್ದರು.

ಸೇವೆ ಮುಗಿಯುವ ಹೊತ್ತಿಗೆ ಒತ್ತಡದ ದಿಕ್ಕು ಬದಲಾಗುತ್ತದೆ. ನಿವೃತ್ತಿಗೆ 180ರಿಂದ 90 ದಿನ ಮೊದಲೇ ಪರಿಹಾರದ ಅರ್ಜಿ ಸಲ್ಲಿಸುವ ವ್ಯವಸ್ಥೆ ಇದೆ. ಬಿಡುಗಡೆಯಾದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಪರಿಹಾರ ಬಿಡುಗಡೆಯ ಮರುದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಸೇನೆಯಲ್ಲಿ ಅನುಭವಿಸಿದ ಪ್ರತಿಯೊಂದು ತೊಂದರೆಯನ್ನೂ ಈಗಲೇ ದಾಖಲಿಸಬೇಕೆಂಬ ಸಲಹೆ ಎಲ್ಲೆಡೆಯಿಂದ ಬರುತ್ತದೆ, ಆ ಸಲಹೆ ನ್ಯಾಯವಾದುದೂ ಹೌದು. ವರ್ಷಗಳ ಕಾಲ ಮುಚ್ಚಿಟ್ಟ ನೋವು ಮೊದಲ ಬಾರಿಗೆ ಕಾಗದದ ಮೇಲೆ ಬರುವುದು ಆಗ. ಎಫ್‌ಎಎ ಪರೀಕ್ಷೆಯೂ ಅದೇ ತಿಂಗಳುಗಳಲ್ಲಿ ಬರುತ್ತದೆ. ಅಲ್ಲಿ ಹಳೆಯ ಮೌನದ ಅಭ್ಯಾಸ ಮರುಕಳಿಸುತ್ತದೆ.

ತಪ್ಪು ತಿಳಿವಳಿಕೆಗಳೂ ಸೇರಿಕೊಳ್ಳುತ್ತವೆ. ಶೇ. 10 ಸಣ್ಣ ಅಂಕ, ಹೇಳಬೇಕಿಲ್ಲ ಎಂದು ಕೆಲವರು ಭಾವಿಸುತ್ತಾರೆ. ಸೊನ್ನೆ ಅಂಕವೆಂದರೆ ರೋಗವೇ ಇಲ್ಲವೆಂದು ಇನ್ನು ಕೆಲವರು ತಿಳಿಯುತ್ತಾರೆ. ವಾಸ್ತವದಲ್ಲಿ ಅದು ರೋಗ ಗುರುತಿಸಲ್ಪಟ್ಟು ಹಣ ಮಾತ್ರ ಸಿಗದಿರುವ ಸ್ಥಿತಿ. ಪರಿಹಾರಕ್ಕಾಗಿ ನಡೆಯುವ ವಿಎ ತಪಾಸಣೆಯಲ್ಲಿ ಚಿಕಿತ್ಸೆ ಇಲ್ಲದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ ಎಂಬ ಊಹೆಯೂ ಇದೆ. ಆದರೆ ಅಲ್ಲಿ ವೈದ್ಯರು ಬರೆದ ರೋಗದ ಹೆಸರು ದಾಖಲೆಯಾಗಿ ಉಳಿಯುತ್ತದೆ, ಎಫ್‌ಎಎ ಕೇಳುವುದು ರೋಗ ಪತ್ತೆಯಾಗಿತ್ತೇ ಎಂದು. ಇಂಥ ತಪ್ಪುಗಳಲ್ಲಿ ಬಹುಪಾಲು ದುರುದ್ದೇಶದವಲ್ಲ, ಆದರೆ ಕಾನೂನಿನ ಮುಂದೆ ಇವುಗಳನ್ನು ವಿವರಿಸಬೇಕಾದ ಹೊರೆ ಪೈಲಟ್‌ನ ಮೇಲೆ ಬೀಳುತ್ತದೆ.

6. ತನಿಖೆಗಳ ಇತಿಹಾಸ

ಎರಡು ಕಡತಗಳನ್ನು ಅಕ್ಕಪಕ್ಕ ಇಟ್ಟು ನೋಡುವ ದೊಡ್ಡ ಪ್ರಯತ್ನ ಈ ಶತಮಾನದ ಮೊದಲ ದಶಕದಲ್ಲಿ ನಡೆಯಿತು. ಸಾರಿಗೆ ಇಲಾಖೆ ಮತ್ತು ಸಾಮಾಜಿಕ ಭದ್ರತಾ ಆಡಳಿತದ ತನಿಖಾಧಿಕಾರಿಗಳು ಆಪರೇಷನ್ ಸೇಫ್ ಪೈಲಟ್ ಎಂಬ ಹೆಸರಿನಲ್ಲಿ ಉತ್ತರ ಕ್ಯಾಲಿಫೋರ್ನಿಯಾದ 40,000ಕ್ಕೂ ಹೆಚ್ಚು ಪೈಲಟ್‌ಗಳ ವಿವರಗಳನ್ನು ವೈಕಲ್ಯ ಪರಿಹಾರ ಪಡೆಯುವವರ ಪಟ್ಟಿಯೊಂದಿಗೆ ಹೋಲಿಸಿದರು. ಮೂರು ಸಾವಿರಕ್ಕೂ ಹೆಚ್ಚು ಹೆಸರುಗಳು ಎರಡೂ ಕಡೆ ಕಂಡವು. ಅತ್ಯಂತ ಗಂಭೀರವೆನಿಸಿದ ನಲವತ್ತಕ್ಕೂ ಹೆಚ್ಚು ಪ್ರಕರಣಗಳಲ್ಲಿ ಮೊಕದ್ದಮೆ ನಡೆಯಿತು. ಅಲ್ಲಿ ಹೋಲಿಕೆ ನಡೆದದ್ದು ಮುಖ್ಯವಾಗಿ ಸಾಮಾಜಿಕ ಭದ್ರತೆಯ ಪಟ್ಟಿಯೊಂದಿಗೆ. ಆದರೂ ಇಲಾಖೆಗಳ ನಡುವಿನ ಗೋಡೆ ಭದ್ರವಲ್ಲ ಎಂಬುದು ಪೈಲಟ್‌ಗಳಿಗೆ ಅಂದೇ ತಿಳಿಯಬೇಕಿತ್ತು. ಪರಿಹಾರದ ಬಗ್ಗೆ ನೇರ ಪ್ರಶ್ನೆ ಎಫ್‌ಎಎ ಅರ್ಜಿಗೆ ಸೇರಿದ್ದು ಈ ಬೆಳವಣಿಗೆಗಳ ನಂತರ.

ಆ ತನಿಖೆಯಿಂದಲೇ ಹುಟ್ಟಿದ ಎಫ್‌ಎಎ ವಿರುದ್ಧ ಕೂಪರ್ ಪ್ರಕರಣ 2012ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಇಲಾಖೆಗಳು ಆರೋಗ್ಯದ ಮಾಹಿತಿಯನ್ನು ಪರಸ್ಪರ ಹಂಚಿಕೊಂಡದ್ದು 1974ರ ಖಾಸಗಿತನ ಕಾಯಿದೆಗೆ ವಿರುದ್ಧ, ಅದರಿಂದಾದ ಮಾನಸಿಕ ಯಾತನೆಗೆ ಪರಿಹಾರ ಬೇಕು ಎಂಬುದು ಪೈಲಟ್‌ನ ವಾದವಾಗಿತ್ತು. ಆ ಕಾಯಿದೆಯಡಿ ಸರ್ಕಾರದಿಂದ ವಸೂಲಿಗೆ ಬರುವುದು ಹಣದ ರೂಪದ ನಷ್ಟ ಮಾತ್ರ, ಮಾನಸಿಕ ಯಾತನೆಯಲ್ಲ ಎಂದು ನ್ಯಾಯಾಲಯ 5–3ರ ಬಹುಮತದಿಂದ ಹೇಳಿತು. ಇಲಾಖೆಗಳು ಎಲ್ಲೆ ಮೀರಿದರೂ ನೊಂದವರಿಗೆ ದೊರೆಯುವ ನ್ಯಾಯ ಸೀಮಿತ ಎಂಬುದು ಇದರ ಪರಿಣಾಮ.

ವಿಎ ಪಟ್ಟಿಯನ್ನೇ ಆಧರಿಸಿದ ವ್ಯಾಪಕ ಪರಿಶೀಲನೆ ಸಾರ್ವಜನಿಕರ ಗಮನಕ್ಕೆ ಬಂದದ್ದು 2023ರಲ್ಲಿ. ಸುಮಾರು 4,800 ಪೈಲಟ್‌ಗಳು ವಿಎ ಪರಿಹಾರದ ವಿವರವನ್ನು ಸರಿಯಾಗಿ ತಿಳಿಸಿಲ್ಲ ಎಂಬ ಅನುಮಾನದ ಮೇಲೆ ಎಫ್‌ಎಎ ವಿಚಾರಣೆ ನಡೆಸುತ್ತಿದೆ ಎಂದು ಆ ವರ್ಷದ ಆಗಸ್ಟಿನಲ್ಲಿ ಪತ್ರಿಕೆಗಳು ವರದಿ ಮಾಡಿದವು. ಅವರಲ್ಲಿ ಸುಮಾರು 600 ಮಂದಿ ಪ್ರಯಾಣಿಕ ವಿಮಾನಯಾನ ಸಂಸ್ಥೆಗಳಲ್ಲಿ ಹಾರಿಸಲು ಪರವಾನಗಿ ಉಳ್ಳವರು. ಆ ಹೊತ್ತಿಗೆ ಅರ್ಧದಷ್ಟು ಪ್ರಕರಣಗಳು ಮುಗಿದಿದ್ದವು. ಸುರಕ್ಷತೆಗೆ ಸ್ಪಷ್ಟ ಅಪಾಯವೆಂದು ಕಂಡ ಸುಮಾರು 60 ಮಂದಿಗೆ ಪರಿಶೀಲನೆ ಮುಗಿಯುವವರೆಗೆ ಹಾರಾಟ ನಿಲ್ಲಿಸಲು ಸೂಚಿಸಲಾಗಿತ್ತು. ಬಹುಪಾಲು ಪೈಲಟ್‌ಗಳು ದಾಖಲೆ ಸರಿಪಡಿಸುತ್ತಲೇ ಹಾರಾಟ ಮುಂದುವರಿಸಬಹುದೆಂದು ಎಫ್‌ಎಎ ತಿಳಿಸಿತು. ಈ ಅಂಕಿಗಳನ್ನು ಒಟ್ಟಾಗಿ ಓದಬೇಕು. ಸಾವಿರಾರು ಕಡತಗಳಲ್ಲಿ ಅಂತರವಿತ್ತು. ತಕ್ಷಣದ ಅಪಾಯ ಕಂಡದ್ದು ಕೆಲವೇ ಕಡತಗಳಲ್ಲಿ. ಉಳಿದವರು ಮೊದಲೇ ಹೇಳಿದ್ದರೆ ಅವರಲ್ಲಿ ಬಹಳಷ್ಟು ಮಂದಿಗೆ ಪ್ರಮಾಣಪತ್ರ ಹೇಗೂ ಸಿಗುತ್ತಿತ್ತು ಎಂದೇ ತೀರ್ಮಾನಿಸಬೇಕಾಗುತ್ತದೆ.

7. ಕಾನೂನಿನ ಪರಿಣಾಮಗಳು

ವೈದ್ಯಕೀಯ ಅರ್ಜಿಯಲ್ಲಿ ಉದ್ದೇಶಪೂರ್ವಕವಾಗಿ ಸುಳ್ಳು ಹೇಳಿದರೆ ವೈದ್ಯಕೀಯ ಪ್ರಮಾಣಪತ್ರದ ಜತೆಗೆ ಪೈಲಟ್ ಪರವಾನಗಿಗಳೆಲ್ಲವನ್ನೂ ರದ್ದು ಮಾಡುವ ಅಧಿಕಾರ ಎಫ್‌ಎಎಗೆ ಇದೆ. ರದ್ದಾದ ಬಳಿಕ ಸಾಮಾನ್ಯವಾಗಿ ಒಂದು ವರ್ಷ ಹೊಸ ಅರ್ಜಿ ಹಾಕುವಂತಿಲ್ಲ. ಆಮೇಲೆ ಪರೀಕ್ಷೆಗಳನ್ನು ಮೊದಲಿನಿಂದ ಎದುರಿಸಬೇಕು. ಫೆಡರಲ್ ಸರ್ಕಾರಕ್ಕೆ ಸುಳ್ಳು ಹೇಳಿಕೆ ಕೊಟ್ಟ ಅಪರಾಧಕ್ಕೆ 2,50,000 ಡಾಲರ್‌ವರೆಗೆ ದಂಡ, ಐದು ವರ್ಷಗಳವರೆಗೆ ಸೆರೆವಾಸವಿದೆ. ರೋಗ ಮುಚ್ಚಿಟ್ಟದ್ದಕ್ಕೆ ಆಗುವ ಶಿಕ್ಷೆ ರೋಗದಿಂದ ಆಗಬಹುದಾಗಿದ್ದ ನಷ್ಟಕ್ಕಿಂತ ಎಷ್ಟೋ ಪಾಲು ದೊಡ್ಡದು.

ಆದರೆ ಎಲ್ಲ ತಪ್ಪೂ ಉದ್ದೇಶಪೂರ್ವಕ ಸುಳ್ಳಲ್ಲ. 1976ರ ಹಾರ್ಟ್ ವಿರುದ್ಧ ಮ್ಯಾಕ್‌ಲ್ಯೂಕಸ್ ತೀರ್ಪಿನಿಂದ ಸ್ಥಿರಪಟ್ಟ ತತ್ತ್ವದಂತೆ ಮೂರು ಅಂಶಗಳು ಸಾಬೀತಾಗಬೇಕು: ಹೇಳಿಕೆ ಸುಳ್ಳಾಗಿರಬೇಕು, ಅದು ಮುಖ್ಯವಾದ ಸಂಗತಿಗೆ ಸಂಬಂಧಿಸಿರಬೇಕು, ಸುಳ್ಳೆಂದು ತಿಳಿದೇ ಹೇಳಿರಬೇಕು. ಪ್ರಶ್ನೆ ಅರ್ಥವಾಗದೆ ಮಾಡಿದ ತಪ್ಪಿಗೂ ತಿಳಿದು ಮಾಡಿದ ವಂಚನೆಗೂ ವ್ಯತ್ಯಾಸವಿರುವುದು ಈ ಮೂರನೆಯ ಅಂಶದಲ್ಲಿ. ಎಫ್‌ಎಎ ಕ್ರಮವನ್ನು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ಮುಂದೆ ಪ್ರಶ್ನಿಸುವ ಹಕ್ಕೂ ಪೈಲಟ್‌ಗೆ ಇದೆ.

ಅಪರಾಧ ಇನ್ನೊಂದು ದಿಕ್ಕಿನಿಂದಲೂ ನಡೆಯಬಹುದು. ಎಫ್‌ಎಎ ಮುಂದೆ ಆರೋಗ್ಯವಂತರಾಗಿಯೇ ಇದ್ದು ವಿಎ ಮುಂದೆ ಲಕ್ಷಣಗಳನ್ನು ಉತ್ಪ್ರೇಕ್ಷಿಸಿ ಹೇಳುವುದು ಬೊಕ್ಕಸಕ್ಕೆ ಬಗೆದ ದ್ರೋಹ. ನಿಜವಾಗಿ ನೊಂದ ಸಹಸೈನಿಕರ ಮೇಲೆ ಸಮಾಜ ಅನುಮಾನದ ಕಣ್ಣಿಡುವಂತೆ ಮಾಡುವುದರಿಂದ ಅದರ ಹಾನಿ ಹಣಕ್ಕಿಂತ ಆಳವಾದದ್ದು.

8. ವೃತ್ತಿಯ ಮೇಲಿನ ಪ್ರಭಾವ

ಅಮೆರಿಕದ ವಾಯುಪಡೆಯಲ್ಲಿ ತರಬೇತಿ ಮುಗಿಸಿದ ಪೈಲಟ್ ಹತ್ತು ವರ್ಷ ಸೇವೆ ಸಲ್ಲಿಸುವ ಕರಾರಿಗೆ ಬದ್ಧರಾಗಿರುತ್ತಾರೆ. ಹೊರಬರುವ ಹೊತ್ತಿಗೆ ವಯಸ್ಸು ಮೂವತ್ತು ದಾಟಿರುತ್ತದೆ. ಇಪ್ಪತ್ತು ವರ್ಷದ ಪೂರ್ಣ ಸೇವೆಯಾದರೆ ನಲವತ್ತು ದಾಟಿರುತ್ತದೆ. ವಿಮಾನಯಾನ ಸಂಸ್ಥೆಗಳಲ್ಲಿ ಕಡ್ಡಾಯ ನಿವೃತ್ತಿ ಅರವತ್ತೈದಕ್ಕೆ. 2009ರ ಕೋಲ್ಗನ್ ವಿಮಾನ ದುರಂತದ ನಂತರ ಬಂದ ನಿಯಮಗಳು ಸಾಮಾನ್ಯ ಅಭ್ಯರ್ಥಿಗಳಿಗೆ 1,500 ಗಂಟೆಗಳ ಹಾರಾಟದ ಅನುಭವ ಕಡ್ಡಾಯ ಮಾಡಿದರೂ ಸೇನಾ ಪೈಲಟ್‌ಗಳಿಗೆ 750 ಗಂಟೆಗಳು ಸಾಕೆಂದವು. ಹೀಗೆ ಅರ್ಹತೆಯ ಬಾಗಿಲು ಅವರಿಗೆ ಅಗಲವಾಗಿಯೇ ತೆರೆದಿದೆ. ಅವರ ಬಳಿ ಇಲ್ಲದ್ದು ಕಾಲ.

ವಿಮಾನಯಾನ ಸಂಸ್ಥೆಯಲ್ಲಿ ಎಲ್ಲವನ್ನೂ ನಿರ್ಧರಿಸುವುದು ಸೇವಾ ಹಿರಿತನ. ಯಾವ ವಿಮಾನ, ಯಾವ ನೆಲೆ, ಯಾವ ವೇಳಾಪಟ್ಟಿ, ಕ್ಯಾಪ್ಟನ್ ಪದವಿ ಯಾವಾಗ ಎಂಬುದೆಲ್ಲ ಸೇರಿದ ದಿನಾಂಕದ ಮೇಲೆ ನಿಂತಿದೆ. ವೈದ್ಯ ಪರೀಕ್ಷಕರು ಸ್ಥಳದಲ್ಲೇ ಪ್ರಮಾಣಪತ್ರ ಕೊಡದೆ ಕಡತವನ್ನು ಒಕ್ಲಹೋಮ ಸಿಟಿಯ ವೈದ್ಯಕೀಯ ವಿಭಾಗಕ್ಕೆ ಕಳಿಸಿದರೆ ತೀರ್ಮಾನಕ್ಕೆ ತಿಂಗಳುಗಳು ಹಿಡಿಯಬಹುದು. ಆ ಅವಧಿಯಲ್ಲಿ ನೇಮಕಗೊಂಡ ಪ್ರತಿಯೊಬ್ಬ ಪೈಲಟ್ ಹಿರಿತನದ ಪಟ್ಟಿಯಲ್ಲಿ ಕೊನೆಯವರೆಗೂ ಮುಂದೆಯೇ ಉಳಿಯುತ್ತಾರೆ. ಸತ್ಯ ಹೇಳುವವರು ತೆರಬೇಕಾದ ಈ ಬೆಲೆಯೇ ಮುಚ್ಚಿಡುವ ಪ್ರಲೋಭನೆಯ ಮೂಲ. ವಿಳಂಬವನ್ನು ಕಡಿಮೆ ಮಾಡುವುದು ಆಡಳಿತದ ಅನುಕೂಲದ ಪ್ರಶ್ನೆಯಷ್ಟೇ ಅಲ್ಲ, ಸುರಕ್ಷತೆಯ ಪ್ರಶ್ನೆ ಎಂದು ಹೇಳಬೇಕಾಗುವುದು ಇದಕ್ಕಾಗಿ.

ಉದ್ಯೋಗದಾತರ ವಿಚಾರ ಬೇರೆ. 1990ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪ್ರಕಾರ ನೇಮಕದ ಪ್ರಸ್ತಾಪಕ್ಕೆ ಮೊದಲು ಸಂಸ್ಥೆಗಳು ವೈಕಲ್ಯದ ಬಗ್ಗೆ ವಿಚಾರಿಸುವಂತಿಲ್ಲ. ಮಾಜಿ ಸೈನಿಕರ ನೇಮಕದ ಲೆಕ್ಕಕ್ಕಾಗಿ ಕೊಡುವ ಸ್ವಯಂಘೋಷಣೆಯ ನಮೂನೆಗೆ ಉತ್ತರಿಸುವುದು ಐಚ್ಛಿಕ. ಪರಿಹಾರದ ಅಂಕ ತಿಳಿದರೆ ಕೆಲಸ ಸಿಗದು ಎಂಬ ಆತಂಕಕ್ಕೆ ಕಾನೂನಿನ ಮಟ್ಟದಲ್ಲಿ ಹೆಚ್ಚಿನ ಆಧಾರವಿಲ್ಲ. ಸಂಸ್ಥೆಗೆ ಬೇಕಾದದ್ದು ಚಾಲ್ತಿಯಲ್ಲಿರುವ ಮೊದಲ ದರ್ಜೆಯ ಪ್ರಮಾಣಪತ್ರ.

9. ಸರಿಯಾದ ಕ್ರಮ

ಹೊರಳುವ ಹಂತದಲ್ಲಿರುವ ಪೈಲಟ್‌ಗಳಿಗೆ ಅನುಭವಿ ವಾಯುವೈದ್ಯರು ಮತ್ತು ಪೈಲಟ್ ಸಂಘಗಳು ಕೊಡುವ ಸಲಹೆಯಲ್ಲಿ ಕೆಲವು ಸಾಮಾನ್ಯ ಅಂಶಗಳಿವೆ. ಸೇವೆ ಮುಗಿಯುವ ಬಹಳ ಮೊದಲೇ ಪೂರ್ಣ ವೈದ್ಯಕೀಯ ದಾಖಲೆಗಳ ಪ್ರತಿ ಪಡೆಯಬೇಕು. ಅರ್ಜಿ ಸಲ್ಲಿಸುವ ಮೊದಲು ವಾಯುವೈದ್ಯರೊಂದಿಗೆ ಸಮಾಲೋಚಿಸಬೇಕು. ಏಕೆಂದರೆ ಅರ್ಜಿ ದಾಖಲಾದ ಮೇಲೆ ಪರೀಕ್ಷೆ ಅಧಿಕೃತವಾಗುತ್ತದೆ. ವಿಎಗೆ ಹೇಳಿದ ಪ್ರತಿಯೊಂದು ತೊಂದರೆಯನ್ನೂ ಎಫ್‌ಎಎ ಅರ್ಜಿಯ ಸಂಬಂಧಪಟ್ಟ ಪ್ರಶ್ನೆಗಳೊಂದಿಗೆ ಹೋಲಿಸಿ ನೋಡಬೇಕು. ಪರಿಹಾರದ ಆದೇಶಪತ್ರ, ಇತ್ತೀಚಿನ ತಪಾಸಣೆಯ ವರದಿ, ಚಿಕಿತ್ಸೆಯ ವಿವರಗಳನ್ನು ಪರೀಕ್ಷೆಗೆ ಜೊತೆಗೇ ಒಯ್ದರೆ ಹಲವು ಪ್ರಕರಣಗಳು ಅಲ್ಲಿಯೇ ಮುಗಿಯುತ್ತವೆ. ಪರಿಹಾರ ನಂತರ ಬಂದರೆ ಅಥವಾ ಹೆಚ್ಚಿದರೆ ಮುಂದಿನ ಅರ್ಜಿಯಲ್ಲಿ ತಿಳಿಸಬೇಕು. ಹಾರಾಟಕ್ಕೆ ಅಡ್ಡಿಯಾಗುವ ತೊಂದರೆ ನಡುವೆ ಕಾಣಿಸಿದರೆ ಪ್ರಮಾಣಪತ್ರ ಚಾಲ್ತಿಯಲ್ಲಿದ್ದರೂ ಹಾರಿಸುವಂತಿಲ್ಲ ಎಂಬುದೂ ನಿಯಮ. ಹಿಂದೆ ಬಿಟ್ಟುಹೋದದ್ದನ್ನು ತಾವಾಗಿ ಸರಿಪಡಿಸಲು ಬಯಸುವವರು ಮೊದಲು ಈ ಕ್ಷೇತ್ರದ ವಕೀಲರನ್ನು ಕಾಣುವುದು ವಿವೇಕ.

10. ಸುಧಾರಣೆಯ ದಾರಿ

2015ರ ಮಾರ್ಚ್‌ನಲ್ಲಿ ಜರ್ಮನ್‌ವಿಂಗ್ಸ್ ವಿಮಾನವನ್ನು ಸಹಪೈಲಟ್ ಉದ್ದೇಶಪೂರ್ವಕವಾಗಿ ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿ 150 ಮಂದಿ ಸತ್ತಾಗ, ಕಾಯಿಲೆಯನ್ನು ಮುಚ್ಚಿಡುವುದರ ಬೆಲೆ ಜಗತ್ತಿಗೆ ತಿಳಿಯಿತು. 2023ರ ಅಕ್ಟೋಬರಿನಲ್ಲಿ ಅಮೆರಿಕದ ಪ್ರಯಾಣಿಕ ವಿಮಾನವೊಂದರ ಕಾಕ್‌ಪಿಟ್‌ನಲ್ಲಿದ್ದ, ಕರ್ತವ್ಯದಲ್ಲಿಲ್ಲದ ಪೈಲಟ್ ಹಾರಾಟದ ನಡುವೆ ಎಂಜಿನ್ ನಿಲ್ಲಿಸಲು ಯತ್ನಿಸಿದ ಬಳಿಕ ಎಫ್‌ಎಎ ಮಾನಸಿಕ ಆರೋಗ್ಯ ಕುರಿತ ಸಮಿತಿಯೊಂದನ್ನು ರಚಿಸಿತು. 2024ರ ಏಪ್ರಿಲ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ ಆ ಸಮಿತಿ, ಶಿಕ್ಷೆಯ ಭಯವಿಲ್ಲದೆ ತೊಂದರೆ ಹೇಳಿಕೊಳ್ಳುವ ದಾರಿಯನ್ನು ರೂಪಿಸಬೇಕೆಂದು ಶಿಫಾರಸು ಮಾಡಿತು. ಮದ್ಯವ್ಯಸನಿ ಪೈಲಟ್‌ಗಳನ್ನು ಚಿಕಿತ್ಸೆಗೆ ಒಳಪಡಿಸಿ ಮತ್ತೆ ಹಾರಾಟಕ್ಕೆ ತರುವ ಕಾರ್ಯಕ್ರಮ 1970ರ ದಶಕದಿಂದ ನಡೆದುಬಂದಿದೆ. ವ್ಯಸನವನ್ನು ಅಪರಾಧದಂತೆ ಕಾಣದೆ ರೋಗದಂತೆ ಕಂಡಾಗ ಹೇಳಿಕೊಳ್ಳುವವರ ಸಂಖ್ಯೆ ಹೆಚ್ಚುತ್ತದೆ ಎಂಬುದು ಅದರ ಪಾಠ.

ಇದೇ ತತ್ತ್ವವನ್ನು ವೈಕಲ್ಯ ಪರಿಹಾರಕ್ಕೂ ವಿಸ್ತರಿಸಬೇಕಾಗಿದೆ. ಪರಿಹಾರದ ಅರ್ಜಿ ತುಂಬುವಾಗಲೇ, ಈ ವಿವರವನ್ನು ಎಫ್‌ಎಎಗೂ ತಿಳಿಸಬೇಕು ಎಂಬ ಸ್ಪಷ್ಟ ಸೂಚನೆ ಪೈಲಟ್‌ಗಳಿಗೆ ಸಿಗಬೇಕು. ಅವರ ಒಪ್ಪಿಗೆ ಪಡೆದು ದಾಖಲೆಯನ್ನು ಒಂದು ಕಚೇರಿಯಿಂದ ಇನ್ನೊಂದಕ್ಕೆ ನೇರವಾಗಿ ಕಳಿಸುವ ವ್ಯವಸ್ಥೆ ಇದ್ದರೆ ಮರೆವಿಗೂ ಮೋಸಕ್ಕೂ ಎಡೆಯಿರುವುದಿಲ್ಲ. ಕಿವಿಯ ಸದ್ದು, ಬೆನ್ನುನೋವಿನಂಥ ಸಾಮಾನ್ಯ ತೊಂದರೆಗಳನ್ನು ಪರೀಕ್ಷಕರೇ ಸ್ಥಳದಲ್ಲಿ ಇತ್ಯರ್ಥಪಡಿಸುವಂತಾಗಬೇಕು. ಖಾಸಗಿತನದ ಹಕ್ಕನ್ನು ಕಾಯುವ ನಿಯಮಗಳು ಇದಕ್ಕೆಲ್ಲ ಚೌಕಟ್ಟಾಗಬೇಕು. ವರ್ಷಗಳ ನಂತರ ಗುಟ್ಟಾಗಿ ಪಟ್ಟಿ ಹೋಲಿಸಿ ಹಿಡಿಯುವುದಕ್ಕಿಂತ ಮೊದಲ ದಿನವೇ ಬಹಿರಂಗವಾಗಿ ಕೇಳುವುದು ನ್ಯಾಯಸಮ್ಮತ.

ಸಭಿಕರೇ, ಈ ಚರ್ಚೆ ಅಮೆರಿಕದ್ದಾದರೂ ಅದರ ತತ್ತ್ವ ಇಲ್ಲಿಗೆ ಅಪರಿಚಿತವಲ್ಲ. 1957ರಲ್ಲಿ ಆರಂಭವಾಗಿ ಬೆಂಗಳೂರಿನಲ್ಲಿ ನೆಲೆ ನಿಂತಿರುವ ಭಾರತೀಯ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಸೇನಾ ಪೈಲಟ್‌ಗಳ ಜತೆಗೆ ನಾಗರಿಕ ಪೈಲಟ್‌ಗಳ ಆರೋಗ್ಯವನ್ನೂ ಪರೀಕ್ಷಿಸುತ್ತ ಬಂದಿದೆ. ಭಾರತದಲ್ಲೂ ಸೇನೆಯಲ್ಲಿ ವೈಕಲ್ಯ ಪಿಂಚಣಿ ಇದೆ, ಸೇನೆಯಿಂದ ನಾಗರಿಕ ವಿಮಾನಯಾನಕ್ಕೆ ಹೊರಳುವ ಪೈಲಟ್‌ಗಳಿದ್ದಾರೆ. ಪರಿಹಾರ ಕೊಡುವ ಕೈ ಮತ್ತು ಪರವಾನಗಿ ಕೊಡುವ ಕೈ ಬೇರೆ ಬೇರೆಯಾಗಿರುವ ಎಲ್ಲ ದೇಶಗಳಿಗೂ ಈ ಪ್ರಶ್ನೆ ಎದುರಾಗುತ್ತದೆ.

ಸೇವೆಯಲ್ಲಿ ಆದ ಹಾನಿಗೆ ಪರಿಹಾರ ಮಾಜಿ ಸೈನಿಕರ ಹಕ್ಕು. ಆರೋಗ್ಯವಂತ ಪೈಲಟ್ ಪ್ರಯಾಣಿಕರ ಹಕ್ಕು. ಒಂದೇ ಸತ್ಯವನ್ನು ಎರಡೂ ಕಚೇರಿಗಳಲ್ಲಿ ಹೇಳುವುದು ಪೈಲಟ್‌ನ ಕರ್ತವ್ಯ. ಹಾಗೆ ಹೇಳಿದವರ ವೃತ್ತಿ ವಿನಾಕಾರಣ ಕಮರದಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ. ಈ ಎರಡು ಕರ್ತವ್ಯಗಳು ಜೊತೆಯಾಗಿ ನಡೆದಾಗ ಆ ಎರಡು ಹಕ್ಕುಗಳ ನಡುವೆ ವಿರೋಧ ಉಳಿಯುವುದಿಲ್ಲ.